ಸರಾಸರಿಯ ಮರೆಯಲ್ಲಿ

ಮಕ್ಕಳಿಗೆ ಅಂಕ ಕಡಿಮೆ ಬಂದರೆ ಹೆದರುವ ತಾಯಂದಿರನ್ನು ಬೇಕಾದಷ್ಟು ನೋಡಬಹುದು. ಜಯದೇವಿ ಹೆದರುತ್ತಿದ್ದುದು ಅಂಕ ಹೆಚ್ಚು ಬಂದರೆ. ಕೇಳಿದವರು ನಕ್ಕಾರೆಂದು ಅವಳು ಇದನ್ನು ಗಂಡ ಮುನಿರಾಜುವಿಗೂ ಬಿಡಿಸಿ ಹೇಳಿರಲಿಲ್ಲ. ನಗುವವರಿಗೇನು, ಅವರ ಮನೆಯ ಮಗು ಅಲ್ಲವಲ್ಲ. ಸೋಮವಾರ ಸಂಜೆ ಫೋನು ಟಿಣ್ ಎಂದರೆ ಸಾಕು, ಪುಟ್ಟೇನಹಳ್ಳಿ ಕೆರೆಯ ಹಿಂದಿನ ರಸ್ತೆಯ ಆ ಮೂರಂತಸ್ತಿನ ಮನೆಯಲ್ಲಿ ಅವಳ ಕೈಯ ಸೌಟು ಅಲ್ಲೇ ನಿಂತುಬಿಡುತ್ತಿತ್ತು.

ಫೋನಿಗೆ ಬರುತ್ತಿದ್ದುದು ಅನಂತರಾಮು ಮೇಷ್ಟ್ರ ಮೆಸೇಜು. ಜಯನಗರದ ಶಾಲೆಯೊಂದರಲ್ಲಿ ಆಯುಷ್ಯವೆಲ್ಲ ಲೆಕ್ಕ ಕಲಿಸಿ ನಿವೃತ್ತರಾದ ಅವರು ಈಗ ಪದ್ಮನಾಭನಗರದ ತಮ್ಮ ಮನೆಯ ಮಹಡಿಯಲ್ಲಿ ಟ್ಯೂಷನ್ ನಡೆಸುತ್ತಿದ್ದರು. ಜಯದೇವಿಯ ಒಬ್ಬಳೇ ಮಗಳು ಮಧುಶ್ರೀ ಒಂಬತ್ತನೇ ಕ್ಲಾಸಿನಿಂದ ಅಲ್ಲಿಗೆ ಹೋಗುತ್ತಿದ್ದಳು. ಭಾನುವಾರ ಬೆಳಿಗ್ಗೆ ನೂರು ಅಂಕದ ಟೆಸ್ಟು, ಸೋಮವಾರ ಸಂಜೆ ಮನೆಮನೆಗೆ ಮೆಸೇಜು. ಅದರಲ್ಲಿ ಎರಡೇ ಸಂಖ್ಯೆ: ನಿಮ್ಮ ಮಗುವಿನ ಅಂಕ, ಕ್ಲಾಸಿನ ಸರಾಸರಿ.

ಒಂಬತ್ತನೇ ಕ್ಲಾಸಿನಲ್ಲಿ ಒಮ್ಮೆ ಮಧುಶ್ರೀಗೆ ತೊಂಬತ್ನಾಲ್ಕು ಬಂತು. ಮೇಷ್ಟ್ರು ಅದನ್ನು ಪೋಷಕರ ಗ್ರೂಪಿನಲ್ಲಿ ಹಾಕಿದರು, ಚಪ್ಪಾಳೆಯ ಚಿತ್ರಗಳು ಸಾಲಾಗಿ ಬಿದ್ದವು. ಮುಂದಿನ ವಾರವೇ ಅರವತ್ತೊಂದು. ಜಯದೇವಿ ಮಗಳನ್ನು ಚೆನ್ನಾಗಿ ಬೈದಳು, ಅಂಕ ಎಪ್ಪತ್ತೆಂಟಕ್ಕೆ ಏರಿತು. ಆಮೇಲೊಮ್ಮೆ ತೊಂಬತ್ತು ಬಂದಾಗ ಅತ್ತೆ ಮರಿಯಮ್ಮ ಹಾಲಿನ ಬೂತಿನಲ್ಲಿ ನಾಲ್ಕು ಜನರೆದುರು ಮೊಮ್ಮಗಳನ್ನು ಹೊಗಳಿ ಬಂದರು. ಅದರ ಮುಂದಿನ ಟೆಸ್ಟಿಗೆ ಅರವತ್ನಾಲ್ಕು. ಹೊಗಳಿದರೆ ಬೀಳುತ್ತಾಳೆ, ಬೈದರೆ ಏಳುತ್ತಾಳೆ. ಜಯದೇವಿಯ ಪಾಲಿಗೆ ಇದು ಸೂರ್ಯ ಪೂರ್ವಕ್ಕೆ ಹುಟ್ಟುವಷ್ಟೇ ಖಾತ್ರಿಯಾಗಿಹೋಯಿತು.

ಈ ಹೆದರಿಕೆಗೆ ಹಳೆಯದೊಂದು ಬೇರೂ ಇತ್ತು. ಹುಳಿಮಾವಿನ ಅವಳ ತವರಿನಲ್ಲಿ, ತಮ್ಮ ರೇವಂತ್ ಎರಡನೇ ಪಿಯುಸಿಯ ಪ್ರಿಪರೇಟರಿ ಪರೀಕ್ಷೆಯಲ್ಲಿ ಕಾಲೇಜಿಗೇ ಮೊದಲಿಗನಾದಾಗ ಅವರಪ್ಪ ಖುಷಿ ತಡೆಯಲಾರದೆ ಬಸ್‌ಸ್ಟಾಪಿನ ಪಕ್ಕ ಅವನ ಫೋಟೋ ಇರುವ ಫ್ಲೆಕ್ಸ್ ಕಟ್ಟಿಸಿದ್ದರು. ತಿಂಗಳೊಳಗೆ ಹುಡುಗ ಪರೀಕ್ಷೆಯ ಹಾಲಿನಲ್ಲೇ ತಲೆ ಸುತ್ತಿ ಬಿದ್ದ. ಆಟೋದಲ್ಲಿ ಹಾಕಿಕೊಂಡು ಬಂದರು. ಅವನು ಮತ್ತೆ ಪರೀಕ್ಷೆಯ ಕಡೆ ತಲೆ ಹಾಕಲಿಲ್ಲ. ಈಗ ಬನ್ನೇರುಘಟ್ಟ ರಸ್ತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡು, ಹೊಟ್ಟೆ ಬಿಟ್ಟುಕೊಂಡು ಸುಖವಾಗಿಯೇ ಇದ್ದಾನೆ, ಅದು ಬೇರೆ ಮಾತು. ಜಯದೇವಿಯ ಕಣ್ಣಿಗೆ ಮಾತ್ರ ಇವತ್ತಿಗೂ ಕಾಣುವುದು ಆಟೋದ ಸೀಟಿನಲ್ಲಿ ಬಿಳಿಚಿಕೊಂಡು ಒರಗಿದ್ದ ಹುಡುಗ, ಅವನ ತಲೆಯ ಮೇಲೆ ಫ್ಲೆಕ್ಸಿನಲ್ಲಿ ನಗುತ್ತಿದ್ದ ಅದೇ ಹುಡುಗ.

ಹೀಗಾಗಿ ಮಗಳು ಎಂಬತ್ತು ದಾಟಿದ ದಿನ ಮನೆಗೆ ಸೂತಕದ ಕಳೆ ಬರುತ್ತಿತ್ತು. ಜಯದೇವಿ ನಗುತ್ತಿರಲಿಲ್ಲ. ಯಾರಿಗೂ ಹೇಳಬೇಡ ಎಂದು ಮಗಳಿಂದ ಆಣೆ ಹಾಕಿಸಿಕೊಳ್ಳುತ್ತಿದ್ದಳು. ಮರಿಯಮ್ಮ ಹುಡುಗಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಕಲ್ಲುಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಮುಷ್ಟಿಯಲ್ಲಿ ಹಿಡಿದು, ಹೋದವರ ಕಣ್ಣು ಬಂದವರ ಕಣ್ಣು ನಾಯಿ ಕಣ್ಣು ನರಿ ಕಣ್ಣು ಎನ್ನುತ್ತ ನಿವಾಳಿಸಿ ತೆಂಗಿನಚಿಪ್ಪಿನ ಕೆಂಡಕ್ಕೆ ಹಾಕುತ್ತಿದ್ದರು. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಎಂದರ್ಥ. ಜಯದೇವಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಕೆಮ್ಮು ಬಂದರೆ ಜೀವ ಬಂದಂತೆ, ಬರದಿದ್ದರೆ ಊಟ ಸೇರುತ್ತಿರಲಿಲ್ಲ. ಈ ಇಬ್ಬರ ನಡುವೆ ಕೂತ ಹುಡುಗಿ ಕೆಂಡವನ್ನು ನೋಡುತ್ತಿರಲಿಲ್ಲ, ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಹತ್ತನೇ ಕ್ಲಾಸಿನ ದಸರಾ ರಜೆ ಮುಗಿದ ಮೇಲೆ ಎಲ್ಲ ತಣ್ಣಗಾಯಿತು. ಮಧುಶ್ರೀಗೆ ಅರವತ್ತೇಳು, ಸರಾಸರಿ ಅರವತ್ತೆಂಟು. ಮುಂದಿನ ವಾರ ಅವಳಿಗೂ ಎಪ್ಪತ್ತು, ಸರಾಸರಿಯೂ ಎಪ್ಪತ್ತು. ಒಂದು ಪೇಪರ್ ಬಲು ಕಷ್ಟವಿತ್ತಂತೆ, ಸರಾಸರಿ ಅರವತ್ತರ ಕೆಳಗಿಳಿಯಿತು. ಹುಡುಗಿಯೂ ಅದರ ಜೊತೆಯಲ್ಲೇ ಇಳಿದಳು. ಜಯದೇವಿಗೆ ಸರಾಸರಿ ಎಂದರೆ ಡಾಕ್ಟರು ಬಿ.ಪಿ. ನೋಡಿ ನಾರ್ಮಲ್ ಅನ್ನುತ್ತಾರಲ್ಲ, ಹಾಗೆ. ಯಾರ ಕಣ್ಣಿಗೂ ಬೀಳುವಷ್ಟು ಮೇಲಲ್ಲ, ಯಾರ ಬಾಯಿಗೂ ಬೀಳುವಷ್ಟು ಕೆಳಗಲ್ಲ. ಅಂಥ ಸೋಮವಾರಗಳಂದು ಅವಳು ಅವರೆಕಾಳು ಹಿತುಕಿ ಸಾರು ಮಾಡಿದಳು, ಮಗಳ ತಲೆಗೆ ಎಣ್ಣೆ ಒತ್ತಿ ಜಡೆ ಹಾಕಿದಳು. ಹೀಗೇ ಮಾರ್ಚ್ ದಾಟಿಬಿಟ್ಟರೆ ಸಾಕೆಂದು ಅಣ್ಣಮ್ಮ ದೇವಿಗೆ ಕೈಮುಗಿದಳು.

ನಡುವೆ ಒಂದೇ ಒಂದು ಸಲ ಲಯ ತಪ್ಪಿತು. ಸಂಕ್ರಾಂತಿಯ ನಂತರದ ಟೆಸ್ಟಿನಲ್ಲಿ ಮಧುಶ್ರೀಗೆ ಅರವತ್ತಾರು, ಸರಾಸರಿ ಐವತ್ತೈದು. ಅಂದರೆ ಮಗಳು ಮತ್ತೆ ಎಲ್ಲರ ಕಣ್ಣಿಗೆ ಬಿದ್ದಳೆಂದೇ ಲೆಕ್ಕ. ಜಯದೇವಿ ಅತ್ತೆಯನ್ನು ಕೂಗಿದಳು, ಮರಿಯಮ್ಮ ಕೆಂಡ ಮಾಡಿದರು. ಆದರೆ ಅವತ್ತು ಅಮ್ಮನಿಗಿಂತ ಹೆಚ್ಚು ಹೆದರಿದವಳು ಮಗಳು. ಮುಖದಲ್ಲಿ ರಕ್ತವಿರಲಿಲ್ಲ. ಇಷ್ಟು ಕಮ್ಮಿ ಇರೋಕೆ ಸಾಧ್ಯವೇ ಇಲ್ಲ, ಏನೋ ತಪ್ಪಾಗಿದೆ ಎಂದು ಫೋನನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದಳು. ತನ್ನ ಅಂಕದ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಇದು ಜಯದೇವಿಗೆ ಆಗ ವಿಚಿತ್ರವೆನ್ನಿಸಲಿಲ್ಲ. ಅವಳು ಘಾಟಿಗೆ ಕಾಯುತ್ತಿದ್ದಳು.

ಬೋರ್ಡ್ ಪರೀಕ್ಷೆಗೆ ವಾರವಿದೆ ಎನ್ನುವಾಗ ಅನಂತರಾಮು ಮೇಷ್ಟ್ರೇ ಫೋನ್ ಮಾಡಿದರು. ಮೇಷ್ಟ್ರು ಮೆಸೇಜು ಕಳಿಸುವವರು, ಫೋನ್ ಮಾಡುವವರಲ್ಲ.

"ಮಧುಶ್ರೀ ವಿಷಯ ಸ್ವಲ್ಪ ಮಾತಾಡ್ಬೇಕಿತ್ತಮ್ಮ," ಎಂದರು. "ಅವಳು ಸ್ಕೂಲಲ್ಲಿರೋವಾಗ ಬನ್ನಿ. ನೀವೊಬ್ರೇ."

ಏನು ಸಾರ್ ಎಂದು ಕೇಳುವುದನ್ನೂ ಮರೆತು ಅವಳು ಕೀ ಹುಡುಕಿದಳು. ಸ್ಕೂಟರ್ ತೆಗೆದವಳಿಗೆ ಸಾರಕ್ಕಿ ಸಿಗ್ನಲ್ ಬಂದದ್ದೂ ತಿಳಿಯಲಿಲ್ಲ, ಹಿಂದಿನ ಬಸ್ಸು ಹಾರನ್ ಹೊಡೆದಾಗಲೇ ಎಚ್ಚರ. ಒಬ್ಬಳೇ ಬಾ ಎಂದರೆ ಏನರ್ಥ? ಹುಡುಗನ ವಿಷಯವೋ? ಟ್ಯೂಷನ್‌ಗೆ ಹೋಗುತ್ತೇನೆಂದು ಬೇರೆಲ್ಲಿಗೋ ಹೋಗುತ್ತಿದ್ದಾಳೋ? ರೇವಂತನ ಹಾಗೆ ತಲೆ ಸುತ್ತಿ ಬಿದ್ದು, ಅದನ್ನು ಮನೆಯಲ್ಲಿ ಮುಚ್ಚಿಟ್ಟಿದ್ದಾಳೋ? ಕದಿರೇನಹಳ್ಳಿ ಅಂಡರ್‌ಪಾಸಿನ ಕತ್ತಲೆಗೆ ಇಳಿಯುವಾಗ ಈ ಕೊನೆಯ ಯೋಚನೆ ಅವಳ ಹೊಟ್ಟೆಯಲ್ಲಿ ಕೂತಿತು, ಪದ್ಮನಾಭನಗರ ಮುಟ್ಟಿದರೂ ಏಳಲಿಲ್ಲ.

ಮಹಡಿಯ ಕೋಣೆಯಲ್ಲಿ ಬೆಂಚುಗಳು ಖಾಲಿ ಇದ್ದವು. ಮೇಷ್ಟ್ರು ಮೇಜಿನ ಮೇಲೆ ಮಧುಶ್ರೀಯ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದರು. ಎತ್ತರದ ತೆಳ್ಳನೆಯ ಮನುಷ್ಯ, ಮಾತಾಡುವ ಮೊದಲು ಕನ್ನಡಕ ತೆಗೆದು ಒರೆಸುವ ಅಭ್ಯಾಸ. ಅವತ್ತು ಒರೆಸಿದ್ದನ್ನೇ ಒರೆಸುತ್ತಿದ್ದರು.

ಅವರು ಶುರು ಮಾಡಿದ್ದು ಸಂಕ್ರಾಂತಿಯ ಟೆಸ್ಟಿನಿಂದ. ಅವತ್ತು ಮೂವತ್ತು ಮಕ್ಕಳಲ್ಲಿ ಐದು ಜನ ಬಂದಿರಲಿಲ್ಲ. ಬಾರದವರ ಹೆಸರಿನ ಮುಂದೆ ಕಂಪ್ಯೂಟರು ಸೊನ್ನೆ ಹಾಕಿಕೊಂಡು, ಆ ಸೊನ್ನೆಗಳನ್ನೂ ಕೂಡಿಸಿ ಭಾಗಿಸಿ, ಸರಾಸರಿಯನ್ನು ಐವತ್ತೈದಕ್ಕೆ ಇಳಿಸಿಬಿಟ್ಟಿತ್ತು. ತಪ್ಪು ಗೊತ್ತಾದ ಮೇಲೆ ಅವರು ಬರೆದ ಇಪ್ಪತ್ತೈದು ಮಕ್ಕಳದ್ದನ್ನು ಮಾತ್ರ ತೆಗೆದುಕೊಂಡು ಮತ್ತೆ ಲೆಕ್ಕ ಹಾಕಿದರು. ಅರವತ್ತಾರು ಬಂತು. ಮಧುಶ್ರೀಗೂ ಅರವತ್ತಾರು. ಆಗಲೇ ಅವರಿಗೆ ಎಲ್ಲೋ ಚುಚ್ಚಿದ್ದು. ಹಿಂದಿನ ಟೆಸ್ಟುಗಳನ್ನೆಲ್ಲ ತೆಗೆದು ನೋಡಿದರು. ದಸರಾದಿಂದೀಚೆಗೆ ಒಂದು ಸಲವೂ ಹುಡುಗಿ ಸರಾಸರಿಯಿಂದ ಒಂದೆರಡು ಅಂಕಕ್ಕಿಂತ ಆಚೀಚೆ ಹೋಗಿರಲಿಲ್ಲ.

ಒಳ್ಳೇದೇ ಅಲ್ಲವೇ ಎಂದಳು ಜಯದೇವಿ. ಅಷ್ಟೇನಾ ಎಂದು ಅವಳಿಗೆ ಒಂದು ಕ್ಷಣ ಉಸಿರು ಬಂದಿತ್ತು.

"ಅಲ್ಲಮ್ಮ," ಎಂದರು ಮೇಷ್ಟ್ರು. "ಸರಾಸರಿ ಅಂದ್ರೆ ಎಲ್ಲರ ಅಂಕಾನೂ ಒಂದೇ ಪಾತ್ರೆಗೆ ಸುರಿದು ಸಮವಾಗಿ ಬಡಿಸಿದ ಹಾಗೆ. ನಿಜವಾಗಿ ಯಾರ ತಟ್ಟೆಗೂ ಅಷ್ಟೇ ಅಂತ ಬಿದ್ದಿರಲ್ಲ. ಮಕ್ಕಳು ಒಂದು ವಾರ ಮೇಲೆ ಹೋಗ್ತಾರೆ, ಒಂದು ವಾರ ಕೆಳಗೆ ಬರ್ತಾರೆ. ವಾರ ವಾರ ಸರಿಯಾಗಿ ಸರಾಸರಿ ಮೇಲೇ ಕೂರೋ ಮಗು ಇರೋಕೆ ಸಾಧ್ಯ ಇಲ್ಲ. ಬೇಕೂಂತ ಕೂತ್ಕೊಂಡ್ರೆ ಮಾತ್ರ ಆಗುತ್ತೆ."

ಮೊದಲು ಕಾಪಿ ಹೊಡೆಯುತ್ತಿದ್ದಾಳೆಂದೇ ಅನುಮಾನಿಸಿದರಂತೆ. ಅದಕ್ಕೇ ಕಟ್ಟು ಬಿಚ್ಚಿ ನೋಡಿದ್ದು. ಅವರು ಒಂದು ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಪುಟದ ತುಂಬ ಮಗಳ ದುಂಡಗಿನ ಅಕ್ಷರ, ಅದರ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೀಟು. ಇನ್ನೊಂದು ಹಾಳೆ, ಅಲ್ಲೂ ಗೀಟು. ಜಯದೇವಿಗೆ ಲೆಕ್ಕ ತಿಳಿಯದಿದ್ದರೂ ಗೀಟು ತಿಳಿಯುತ್ತದೆ. ತಪ್ಪು ಬರೆದಿದ್ದಾಳಾ ಎಂದು ಕೇಳಿದಳು.

"ಎಲ್ಲಾ ಸರಿ," ಎಂದರು ಮೇಷ್ಟ್ರು. "ಸರಿಯಾಗಿರೋದನ್ನೇ ಹೊಡೆದುಹಾಕಿದ್ದಾಳೆ. ಇದನ್ನೂ ಸೇರಿಸಿದ್ರೆ ತೊಂಬತ್ತಕ್ಕೆ ಕಮ್ಮಿ ಇಲ್ಲ ನಿಮ್ಮ ಹುಡುಗಿ."

ಅದು ಹೇಗೆ ನಡೆಯುತ್ತಿತ್ತೆಂದು ಅವರು ವಿವರಿಸಿದರು. ಹುಡುಗಿ ಪೇಪರ್ ಪೂರ್ತಿ ಮುಗಿಸುತ್ತಾಳೆ. ಕೊನೆಯ ಹತ್ತು ನಿಮಿಷ ಉಳಿದಾಗ ಕ್ಲಾಸನ್ನೆಲ್ಲ ಒಮ್ಮೆ ಕಣ್ಣಾಡಿಸುತ್ತಾಳೆ. ದೀಪಕನಿಗೆ ವೃತ್ತದ ಪ್ರಮೇಯ ಬರುವುದಿಲ್ಲ, ಚೈತ್ರ ಅವಸರದಲ್ಲಿ ಮೈನಸ್ ಬಿಟ್ಟಿರುತ್ತಾಳೆ, ಹಿಂದಿನ ಬೆಂಚಿನವರು ಕೊನೆಯ ಪ್ರಶ್ನೆ ಮುಟ್ಟಿಯೇ ಇಲ್ಲ. ಎಲ್ಲರದ್ದೂ ಮನಸ್ಸಿನಲ್ಲೇ ಕೂಡಿ ಭಾಗಿಸಿ, ಆ ಸಂಖ್ಯೆಗೆ ಇಳಿಯುವ ತನಕ ತನ್ನ ಉತ್ತರಗಳನ್ನು ಹೊಡೆದುಹಾಕುತ್ತಾಳೆ. ಇದನ್ನು ಹೇಳುವಾಗ ಮೇಷ್ಟ್ರ ದನಿಯಲ್ಲಿ ಮೆಚ್ಚುಗೆ ಇಣುಕಿತು, ಮರುಕ್ಷಣವೇ ಅವರಿಗೇ ಅದು ನಾಚಿಕೆಯೆನಿಸಿ ಮತ್ತೆ ಕನ್ನಡಕ ತೆಗೆದರು.

ಯಾಕೆ ಎಂದು ಜಯದೇವಿ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂದು ಹೆದರಿ ಕೇಳಲಿಲ್ಲ. ಬಂದೇ ಬಂತು.

"ನಾನು ಕೂರಿಸ್ಕೊಂಡು ಕೇಳ್ದೆ. ಅಮ್ಮಂಗೆ ಹೇಳ್ಬೇಡಿ ಸಾರ್, ಅಮ್ಮ ಹೆದರ್ಕೋತಾರೆ ಅಂದ್ಳು."

ಜಯದೇವಿಗೆ ಸಿಟ್ಟು ಬಂತು. ಹೆದರಿಕೆ ಮೇರೆ ಮೀರಿದಾಗ ಬರುವ ಸಿಟ್ಟು. ತಾನು ಸುಮ್ಮಸುಮ್ಮನೆ ಹೆದರುವವಳಲ್ಲ, ಕಣ್ಣಾರೆ ಕಂಡಿದ್ದೇನೆ ಎಂದಳು. ತೊಂಬತ್ನಾಲ್ಕನ್ನು ಗ್ರೂಪಿಗೆ ಹಾಕಿದವರು ನೀವೇ ಅಲ್ಲವೇ, ಮರುವಾರ ಬಿದ್ದಳಲ್ಲ. ಅತ್ತೆ ಹೊಗಳಿದರು, ಬಿದ್ದಳು. ನಾನು ಬೈದೆ, ಎದ್ದಳು. ಇದಕ್ಕೇನು ಹೇಳುತ್ತೀರಿ ಎಂದು ಕೇಳಿದಳು.

ಮೇಷ್ಟ್ರು ನಗಲಿಲ್ಲ, ಅದೊಂದು ಪುಣ್ಯ. ಒಂಬತ್ತನೇ ಕ್ಲಾಸಿನ ಆ ಅಂಕಗಳನ್ನೇ ಕೂಡಿ ಭಾಗಿಸಿದರು. ಎಪ್ಪತ್ತೇಳು ಚಿಲ್ಲರೆ ಬಂತು.

"ಆಗ ಅವಳು ಎಪ್ಪತ್ತೇಳರ ಹುಡುಗಿ," ಎಂದರು. "ತೊಂಬತ್ನಾಲ್ಕು ಒಂದು ಒಳ್ಳೇ ದಿನ, ಅರವತ್ತೊಂದು ಒಂದು ಕೆಟ್ಟ ದಿನ. ಒಳ್ಳೇ ದಿನ ಆದ್ಮೇಲೆ ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿ ದಿನಾನೇ ಬರೋದು. ನೀವು ಹೊಗಳ್ದೆ ಇದ್ರೂ ಇಳೀತಿತ್ತು. ನೀವು ಬೈದಿದ್ದು ತೀರಾ ಕೆಳಗೆ ಬಿದ್ದಾಗ. ಅಲ್ಲಿಂದ ಮೇಲಕ್ಕಲ್ದೆ ಇನ್ನೆಲ್ಲಿಗೆ ಹೋಗ್ತಾಳೆ? ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ."

ಜಯದೇವಿ ಹಾಳೆಯ ಮೇಲಿನ ಗೀಟುಗಳನ್ನು ನೋಡುತ್ತ ಕೂತಳು. ರೇವಂತನ ಮಾತೆತ್ತಬೇಕೆಂದುಕೊಂಡಳು, ಎತ್ತಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರೆ. ತಮ್ಮನಿಗೆ ಬಂದ ಜ್ವರಕ್ಕೆ ಮಗಳ ಮೈಮೇಲೆ ಬರೆ ಬಿದ್ದಿತ್ತು, ಅದನ್ನು ಮಗು ತನ್ನ ಕೈಯಿಂದಲೇ ಎಳೆದುಕೊಂಡಿತ್ತು.

ಹೊರಡುವಾಗ ಮೇಷ್ಟ್ರು ಮಹಡಿಯ ಮೆಟ್ಟಿಲ ತನಕ ಬಂದರು. ಅವರು ನಿಜವಾಗಿ ಕರೆದದ್ದು ಈ ಕೊನೆಯ ಮಾತಿಗಾಗಿ. ಹೋದ ಭಾನುವಾರ ಟೆಸ್ಟು ಮುಗಿಯುವ ಹೊತ್ತಿಗೆ ಅವರು ಹುಡುಗಿಯ ಪಕ್ಕದಲ್ಲೇ ಹೋಗಿ ನಿಂತಿದ್ದರಂತೆ. ಬಿಡು ಮಗು, ಹೊಡೀಬೇಡ ಎಂದು ಮೆಲ್ಲಗೆ ಹೇಳಿದರಂತೆ. ಅವಳು ಅಳುತ್ತ ತಲೆಯಾಡಿಸಿದಳು, ಅಳುತ್ತಲೇ ಗೀಟು ಎಳೆದಳು.

"ಕೈಗೆ ಅಭ್ಯಾಸ ಆಗಿಬಿಟ್ಟಿದೆ," ಎಂದರು ಮೇಷ್ಟ್ರು. "ಬೋರ್ಡ್ ಪರೀಕ್ಷೇಲಿ ನಾನು ಪಕ್ಕದಲ್ಲಿ ಇರಲ್ಲ. ನಂಗೆ ಭಯ ಆಗ್ತಿದೆಯಮ್ಮ."

ಮಧುಶ್ರೀ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳುವವಳು, ಜಯನಗರದ ಕಾಲೇಜಿನ ಕನಸು ಕಾಣುತ್ತಿದ್ದವಳು. ಅರವತ್ತರ ಆಸುಪಾಸಿನಲ್ಲಿ ಕೂತರೆ ಆ ಕಾಲೇಜಿನ ಗೇಟಿನವನೂ ಒಳಗೆ ಬಿಡುವುದಿಲ್ಲ. ಇದೆಲ್ಲ ಜಯದೇವಿಗೆ ಗೊತ್ತಿತ್ತು. ಆದರೆ ವಾಪಸು ಬರುವಾಗ ಅವಳ ಎದೆಯನ್ನು ಹಿಂಡಿದ್ದು ಕಾಲೇಜಲ್ಲ. ಮಗಳು ತನ್ನ ಎದುರಿಗೆ ಅವರೆಕಾಳಿನ ಸಾರು ಸುರಿದುಕೊಂಡು ಉಂಡ ಆ ಸೋಮವಾರಗಳು. ತಾನು ನೆಮ್ಮದಿಯಾಗಿದ್ದ ಒಂದೊಂದು ದಿನವನ್ನೂ ಆ ಹುಡುಗಿ ಹಿಂದಿನ ದಿನ ಬೆಂಚಿನ ಮೇಲೆ ಕೂತು, ಬಲ್ಲದ್ದನ್ನೆಲ್ಲ ಹೊಡೆದುಹಾಕಿ, ಅಮ್ಮನಿಗಾಗಿ ಮಾಡಿಟ್ಟಿದ್ದಳು.

ಸಂಜೆ ಟೆರೇಸಿನ ಮೇಲೆ ಬಟ್ಟೆ ತೆಗೆಯಲು ಇಬ್ಬರೂ ಹೋದರು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಜಯದೇವಿ ಹೇಗೆ ಶುರು ಮಾಡುವುದೆಂದು ತಿಳಿಯದೆ ಒಂದೇ ಟವೆಲನ್ನು ಮಡಿಸಿ ಬಿಚ್ಚಿ ಮಡಿಸುತ್ತಿದ್ದಳು. ಮಗಳಿಗೆ 'ಸಾರ್ ಹತ್ರ ಹೋಗಿದ್ದೆ' ಎಂಬ ಮಾತು ಸಾಕಾಯಿತು. ಅವಳು ಓಡಲಿಲ್ಲ, ಅಳಲಿಲ್ಲ. ಹಗ್ಗ ಹಿಡಿದುಕೊಂಡು ನಿಂತಳು.

"ಜಾಸ್ತಿ ಬಂದ್ರೆ ನೀನು ಊಟ ಮಾಡಲ್ಲ," ಎಂದಳು. "ಕಮ್ಮಿ ಬಂದ್ರೆ ಬೈತೀಯ. ಆವರೇಜ್ ಬಂದ್ರೆ ನಗ್ತೀಯ."

ಜಯದೇವಿ ಹತ್ತಿರ ಹೋದಳು. ಮಗಳು ಇನ್ನೂ ಮಾತು ಮುಗಿಸಿರಲಿಲ್ಲ. ಮೊದಮೊದಲು ಅಮ್ಮನ ಸಲುವಾಗಿ ಮಾಡಿದೆ, ಆಮೇಲಾಮೇಲೆ ತನಗೇ ಹೆದರಿಕೆಯಾಗತೊಡಗಿತು ಎಂದಳು. ಪೇಪರ್ ಪೂರ್ತಿ ಸರಿಯಾಗಿದೆ ಅನ್ನಿಸಿದ ಕೂಡಲೇ ರೇವಂತ್ ಮಾವ ನೆನಪಾಗುತ್ತಾನೆ, ಕಣ್ಣು ಕತ್ತಲೆ ಬರುತ್ತದೆ, ಒಂದು ಗೀಟು ಎಳೆದರೆ ಕತ್ತಲೆ ಹೋಗುತ್ತದೆ. ಇದನ್ನು ಅವಳು ಬಸ್ಸಿನ ನಂಬರು ಹೇಳಿದ ಹಾಗೆ ಹೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು:

"ಬೋರ್ಡಲ್ಲಿ ಆವರೇಜ್ ಎಷ್ಟು ಬರುತ್ತೆ ಅಂತ ಹೆಂಗಮ್ಮ ಗೊತ್ತಾಗುತ್ತೆ? ಅಲ್ಲಿ ಬರೆಯೋರು ಯಾರೂ ನಂಗೆ ಗೊತ್ತಿಲ್ವಲ್ಲ."

ಜಯದೇವಿ ತನ್ನ ಜೀವಮಾನದಲ್ಲಿ ಕೇಳಿದ ಅತ್ಯಂತ ಭಯದ ಮಾತು ಅದು. ಅಡಗಿಕೊಳ್ಳಲು ಜಾಗ ಎಲ್ಲಿದೆ ಎಂದು ಮಗು ಅವಳನ್ನೇ ಕೇಳುತ್ತಿತ್ತು. ನಾನಿನ್ನು ಹೆದರುವುದಿಲ್ಲ ಎಂದು ಹೇಳಿಬಿಡಬೇಕೆನಿಸಿತು. ಆದರೆ ಹದಿನೈದು ವರ್ಷ ತನ್ನ ಮುಖವನ್ನೇ ಓದಿದ ಹುಡುಗಿಯೆದುರು ಸುಳ್ಳು ನಿಲ್ಲುತ್ತದೆಯೇ?

"ನಾನು ಹೆದರೋಳೇ," ಎಂದಳು ಜಯದೇವಿ. "ಅದು ಹೋಗಲ್ಲ ಕಣೇ. ನಾನು ಹೆದರ್ಕೊಂಡೇ ಇರ್ತೀನಿ. ನೀನು ಬರಿ."

ಮಧುಶ್ರೀ ಬಟ್ಟೆಯ ರಾಶಿ ಎತ್ತಿಕೊಂಡು ಅಮ್ಮನ ಹಿಂದೆ ಇಳಿದಳು.

ಮೊದಲೆರಡು ಪರೀಕ್ಷೆಗಳು ಭಾಷೆಯವು, ಅವುಗಳಲ್ಲಿ ಅಷ್ಟು ಭಯವಿರಲಿಲ್ಲ. ಹುಡುಗಿಯ ಕೈ ಗೀಟು ಎಳೆಯಲು ಓಡುತ್ತಿದ್ದುದು ಲೆಕ್ಕದಲ್ಲಿ ಮಾತ್ರ. ಗಣಿತದ ದಿನ ಬೆಳಿಗ್ಗೆ ಮರಿಯಮ್ಮ ಸ್ನಾನ ಮಾಡಿ ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದೇ ಹೊರಗೆ ಬಂದರು. ಶೂ ಹಾಕಿಕೊಳ್ಳುತ್ತಿದ್ದ ಹುಡುಗಿಯ ಕೈ ಲೇಸಿನ ಮೇಲೆ ನಿಂತಿತು. ಬೇಡ ಅತ್ತೆ ಎಂದಳು ಜಯದೇವಿ. ಮುದುಕಿಗೆ ಸಿಟ್ಟು ಬಂತು. ಕೆಟ್ಟ ಕಣ್ಣು ಬಿದ್ರೆ ಕಲ್ಲೂ ಸೀಳ್ತದೆ, ಇಂಥ ದಿನ ಬೇಡ ಅಂತಾಳಲ್ಲ ಇವಳು ಎಂದು ಗೊಣಗುತ್ತ ಒಳಗೆ ಹೋದರು. ಬೇಡ ಎಂದವಳಿಗೇ ಧೈರ್ಯವಿರಲಿಲ್ಲ. ಏನಾದರೂ ಆದರೆ ಎಲ್ಲರ ಬಾಯಿ ತನ್ನ ಕಡೆಗೇ ತಿರುಗುತ್ತದೆ, ಎಲ್ಲಕ್ಕಿಂತ ಮೊದಲು ತನ್ನದೇ ಮನಸ್ಸು ತಿರುಗುತ್ತದೆ.

ಪರೀಕ್ಷಾ ಕೇಂದ್ರ ಬನಶಂಕರಿಯ ಒಂದು ಶಾಲೆ. ಗೇಟಿನ ಮುಂದೆ ಅಪ್ಪ ಅಮ್ಮಂದಿರ ಸಂತೆ. ಟ್ಯೂಷನ್ನಿನ ಗೆಳತಿಯೊಬ್ಬಳ ತಾಯಿ ಶ್ವೇತ ಎದುರು ಬಂದು, ನಿಮ್ಮ ಮಗಳು ಹೇಗೆ ಓದಿದ್ದಾಳೆ ಎಂದು ಕೇಳಿದರು. ಈ ಪ್ರಶ್ನೆಗೆ ಜಯದೇವಿಯ ಬಳಿ ವರ್ಷಗಳಿಂದ ಒಂದು ಸಿದ್ಧ ಉತ್ತರವಿತ್ತು: ಏನೋ, ಅಷ್ಟಕ್ಕಷ್ಟೆ. ಅದು ನಾಲಿಗೆಯ ತುದಿಗೂ ಬಂತು. ಪಕ್ಕದಲ್ಲಿ ಮಧುಶ್ರೀ ನೆಲ ನೋಡುತ್ತ ನಿಂತಿದ್ದಳು.

"ತುಂಬ ಚೆನ್ನಾಗಿ ಓದಿದ್ದಾಳೆ," ಎಂದಳು ಜಯದೇವಿ. ದನಿ ತನಗೇ ಅಪರಿಚಿತವೆನಿಸಿತು. "ನನ್ನ ಮಗಳು ಲೆಕ್ಕದಲ್ಲಿ ಜಾಣೆ. ಪೂರ್ತಿ ಬಂದ್ರೂ ಬರಬಹುದು."

ಹೇಳಿ ಮುಗಿಯುವುದರೊಳಗೆ ಗೇಟಿನ ಮುಂದಿನ ಕಣ್ಣುಗಳೆಲ್ಲ ಒಟ್ಟಿಗೆ ತಿರುಗಿದಂತಾಯಿತು. ಕೈಗಳು ತಾವಾಗಿಯೇ ಎದ್ದವು, ಮಗಳ ಮುಖ ಸವರಿ ತನ್ನ ಕಣತಲೆಗೆ ಒತ್ತಿ, ದೃಷ್ಟಿ ಹೋಗಲೆಂದು ನೆಟಿಕೆ ಮುರಿಯಲು. ಮಗಳು ಈಗ ಆ ಕೈಗಳನ್ನೇ ನೋಡುತ್ತಿದ್ದಳು. ಜಯದೇವಿ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು, ಮಗಳು ಒಳಗೆ ಹೋಗಿ ಕಣ್ಮರೆಯಾಗುವ ತನಕ ಬಿಡಲಿಲ್ಲ.

ಆಮೇಲಿನದು ಕಾಯುವುದು. ಹೊಂಗೆ ಮರದ ನೆರಳಿನಲ್ಲಿ ಬೇರೆ ತಾಯಂದಿರು ಚಿತ್ರಾನ್ನದ ಡಬ್ಬಿ ಬಿಚ್ಚಿದರು, ಇವಳಿಗೆ ನೀರೂ ಇಳಿಯಲಿಲ್ಲ. ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದರೆ ಇಲ್ಲಿಗೇ ಬಂತೆಂದು ಎದ್ದು ನಿಲ್ಲುತ್ತಿದ್ದಳು. ಹೊಗಳಬಾರದಿತ್ತು. ಅಷ್ಟು ಜನರ ಮಧ್ಯೆ, ಅಷ್ಟು ಜೋರಾಗಿ. ಮೇಷ್ಟ್ರ ಎಪ್ಪತ್ತೇಳು ಚಿಲ್ಲರೆ, ಕಾಗೆ, ಕೊಂಬೆ ಎಲ್ಲ ಅವಳಿಗೆ ನೆನಪಿತ್ತು. ಬುದ್ಧಿಗೆ ಅರ್ಥವಾದದ್ದು ಹೊಟ್ಟೆಗೆ ಅರ್ಥವಾಗಬೇಕಲ್ಲ. ಪರೀಕ್ಷೆ ಮುಗಿಯಲು ಹತ್ತು ನಿಮಿಷವಿದೆ ಎನ್ನುವಾಗ ಒಳಗೆ ಎಚ್ಚರಿಕೆಯ ಬೆಲ್ ಹೊಡೆಯುತ್ತಾರೆ. ಅವಳು ಭಯಪಡುತ್ತಿದ್ದುದು ಆ ಬೆಲ್ಲಿಗೆ. ಆ ಹೊತ್ತಿಗೆ ಮಗಳ ಪೆನ್ನು ಏಳುತ್ತದೆ.

ಬೆಲ್ ಇನ್ನೂ ಆಗಿರಲಿಲ್ಲ. ಬೇಗ ಮುಗಿಸಿದವರು ಪೇಪರ್ ಕೊಟ್ಟು ಬರಬಹುದಿತ್ತು, ಆದರೆ ಗಣಿತದ ದಿನ ಹಾಗೆ ಬರುವವರು ಯಾರು? ಮೈದಾನ ಖಾಲಿಯಿತ್ತು. ಆ ಖಾಲಿ ಮೈದಾನದಲ್ಲಿ ಯೂನಿಫಾರ್ಮ್ ತೊಟ್ಟ ಹುಡುಗಿಯೊಬ್ಬಳು ಗೋಡೆ ಹಿಡಿದುಕೊಂಡು ಒಬ್ಬಳೇ ಬರುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು.

ಜಯದೇವಿಗೆ ಕಂಡದ್ದು ಆಟೋದ ಸೀಟು, ಒರಗಿದ ತಲೆ, ಫ್ಲೆಕ್ಸು. ಅವಳು ಗೇಟಿಗೆ ಓಡಿದಳು, ವಾಚ್‌ಮನ್ ತಡೆದ, ಅವನ ತೋಳಿನ ಅಡಿಯಿಂದಲೇ ಕೈ ಚಾಚಿ ಮಗಳನ್ನು ಹೊರಗೆಳೆದುಕೊಂಡಳು. ತಲೆ ಸುತ್ತಿತಾ, ಕಣ್ಣು ಕತ್ತಲೆ ಬಂತಾ, ಏನಾಯಿತು ಎಂದು ಒಂದೇ ಉಸಿರಿಗೆ ಕೇಳಿದಳು.

ಮಧುಶ್ರೀ ಏದುಸಿರು ಬಿಡುತ್ತಿದ್ದಳು.

"ಪೇಪರ್ ಕೊಟ್ಬಿಟ್ಟೆ ಅಮ್ಮ," ಎಂದಳು. "ಎಲ್ಲಾ ಬರ್ದೆ. ಬೆಲ್ ಆಗೋವರ್ಗೂ ಕೂತಿದ್ರೆ ಕೈ ಸುಮ್ನಿರ್ತಿರ್ಲಿಲ್ಲ. ಅದಕ್ಕೇ ಎದ್ದು ಬಂದ್ಬಿಟ್ಟೆ."

ಅಷ್ಟರಲ್ಲಿ ಒಳಗೆ ಬೆಲ್ ಹೊಡೆಯಿತು. ಹುಡುಗಿ ಬೆಚ್ಚಿಬಿದ್ದಳು. ಅವಳ ಬಲಗೈ ಅಮ್ಮನ ಕೈಯೊಳಗೆ ಮುಷ್ಟಿ ಕಟ್ಟಿಕೊಂಡಿತು. ಜಯದೇವಿ ಆ ಮುಷ್ಟಿಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಳು. ಬೆಲ್ ನಿಂತಿತು. ಬೆರಳುಗಳು ಒಂದೊಂದಾಗಿ ಸಡಿಲವಾದವು.

ಅಮ್ಮ ಅಳುತ್ತಿರುವುದನ್ನು ಹುಡುಗಿ ನೋಡಿದಳು. ನೋಡಿ, ದಸರಾದಿಂದೀಚೆಗೆ ಮೊದಲ ಸಲ, ಸ್ವಲ್ಪ ನಕ್ಕಳು.

"ಬೇಕಾದ್ರೆ ಈಗ ತೆಗಿ ದೃಷ್ಟಿ," ಎಂದಳು. "ಪೇಪರ್ ಒಳಗಿದೆ. ಇನ್ನು ನಂಗೂ ಸಿಗಲ್ಲ."

ಜಯದೇವಿ ಅಲ್ಲೇ ಗೇಟಿನ ಮುಂದೆ, ಅಷ್ಟೂ ಜನರೆದುರಿಗೆ ಮಗಳ ಮುಖ ಸವರಿ ಕೈಗಳನ್ನು ಕಣತಲೆಗೆ ಒತ್ತಿದಳು. ಬೆರಳುಗಳು ನಡುಗುತ್ತಿದ್ದವು, ಒಂದು ನೆಟಿಕೆಯೂ ಬರಲಿಲ್ಲ.